ಗಾಳಿಯ ಬಲಕ್ಕೆ ಸರಿಯುವ ನೀರು

ದೊಡ್ಡ ಸರೋವರಗಳ ಒಳಹರಿವನ್ನು ಅಭ್ಯಾಸ ಮಾಡುವವರ ವಲಯದಲ್ಲಿ ಹತ್ತು ಸರೋವರಗಳನ್ನು ಹತ್ತು ವಾರಗಳಲ್ಲಿ ಅಳೆದು ಬರುವ ವಿದ್ವಾಂಸರಿಗೆ ಕೊರತೆಯಿಲ್ಲ. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಅವರೆಲ್ಲರ ಗ್ರಂಥಗಳ ಅಡಿಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ‘ಪಡುವಣ ದಡದ ದಾಖಲೆಗಳು’ ಎಂಬ ಮೂರು ಪದಗಳ ಹಿಂದೆ ಒಬ್ಬ ಹೆಂಗಸು ಮೂವತ್ತನಾಲ್ಕು ವರ್ಷ ಒಂದೇ ದಡದಲ್ಲಿ, ಒಂದೇ ನೀರನ್ನು, ಬಹುಪಾಲು ಒಬ್ಬರೇ ನೋಡುತ್ತ ಕುಳಿತ ಸಂಗತಿ ಆ ಗ್ರಂಥಗಳನ್ನು ಓದುವವರಿಗೆ ತಿಳಿಯುವುದಿಲ್ಲ. ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಈ ಪತ್ರಿಕೆಯ ಸಂಪಾದಕ ಮಂಡಳಿ ನನ್ನನ್ನು ಕೇಳಿದಾಗ, ಅವರ ಶಿಷ್ಯೆಯೂ ಸಹೋದ್ಯೋಗಿಯೂ ಆದ ನನಗಿಂತ ಅರ್ಹರು ಬೇರೆ ಯಾರಿದ್ದಾರೆ ಎಂದರು. ಅರ್ಹತೆಯ ಮಾತು ಹಾಗಿರಲಿ. ಬರೆದು ತೀರಿಸಬೇಕಾದ ಋಣವೊಂದು ನನ್ನ ಮೇಲಿರುವುದು ಮಾತ್ರ ನಿಜ. ಅದಕ್ಕಾಗಿ ಒಪ್ಪಿಕೊಂಡೆ.

ಮೇಡಂ ಪಡುವಣ ದಡದ ಈ ಸರೋವರ ಅಧ್ಯಯನ ಕೇಂದ್ರಕ್ಕೆ ಬಂದಾಗ ಅವರಿಗೆ ಇಪ್ಪತ್ತಾರು ವರ್ಷ. ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ತಾಯಿ ಬೇಗ ತೀರಿಕೊಂಡದ್ದರಿಂದ ಅವರನ್ನು ಸಾಕಿ, ಓದಿಸಿ, ರೈಲು ಹತ್ತಿಸಿದವರು ಹನ್ನೆರಡು ವರ್ಷ ಹಿರಿಯರಾದ ಅವರ ಅಕ್ಕ. ಕೇಂದ್ರವೆಂದರೆ ಆಗ ಎರಡು ಕೋಣೆ, ಮುಂದೊಂದು ದೋಣಿಕಟ್ಟೆ, ಮೋಟಾರು ಕೂರಿಸಿದ ಒಂದು ಮರದ ದೋಣಿ, ಅದನ್ನು ನಡೆಸಲು ಊರೆಲ್ಲ ‘ದೋಣಿಯಣ್ಣ’ ಎಂದು ಕರೆಯುತ್ತಿದ್ದ ಒಬ್ಬ ನೌಕರ. ಒಂದು ಕೋಣೆಯಲ್ಲಿ ಉಪಕರಣಗಳು, ಇನ್ನೊಂದರಲ್ಲಿ ಕಬ್ಬಿಣದ ಮಂಚ. ಎರಡರ ನಡುವಿನ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಮುಚ್ಚುತ್ತಿರಲಿಲ್ಲ, ಬೇಸಗೆಯಲ್ಲಿ ಒಣಗಿ ನಿಲ್ಲುತ್ತಿರಲಿಲ್ಲ. ಹಿಂದಿದ್ದ ಅಧಿಕಾರಿ ಎಂಟು ತಿಂಗಳಲ್ಲಿ ವರ್ಗ ಮಾಡಿಸಿಕೊಂಡು ಹೋಗಿದ್ದರಂತೆ. ಮೇಡಂ ಬಂದ ಮೊದಲ ವಾರವೇ ಮೂವತ್ತು ತಗಡಿನ ಡಬ್ಬಿಗಳ ಬಾಯಿ ಬೆಸುಗೆ ಹಾಕಿಸಿ, ಕಿತ್ತಳೆ ಬಣ್ಣ ಬಳಿದು, ನಂಬರು ಬರೆದು, ಪ್ರತಿಯೊಂದರ ಕೆಳಗೂ ಅಡ್ಡ ಉದ್ದ ಎರಡು ಗಟ್ಟಿ ಬಟ್ಟೆ ಕಟ್ಟಿ ನೀರಿಗೆ ಬಿಟ್ಟರು. ಮೇಲಿನ ಡಬ್ಬಿಯನ್ನು ಗಾಳಿ ಎಳೆದರೂ ಕೆಳಗಿನ ಬಟ್ಟೆ ನೀರಿನ ಮಾತು ಕೇಳುತ್ತದೆ. ಹೀಗಾಗಿ ಡಬ್ಬಿ ಹೋದ ದಾರಿಯೇ ನೀರು ಹೋದ ದಾರಿ.

ನೀರು ಗಾಳಿ ಬೀಸಿದತ್ತ ಹೋಗುತ್ತದೆ ಎಂದು ದಡದಲ್ಲಿ ನಿಂತವರೆಲ್ಲ ನಂಬಿದ್ದರು. ಭೂಮಿ ತಿರುಗುತ್ತಿರುವುದರಿಂದ, ಭೂಗೋಳದ ಈ ಅರ್ಧದಲ್ಲಿ, ಗಾಳಿ ತಳ್ಳಿದ ನೀರು ಅದರ ಬಲಕ್ಕೆ ಸರಿಯುತ್ತದೆಂಬುದು ಪುಸ್ತಕಗಳಲ್ಲಿತ್ತು. ನಮ್ಮ ಸರೋವರದಲ್ಲಿ ಎಷ್ಟು ಸರಿಯುತ್ತದೆ, ಯಾವ ತಿಂಗಳು, ಎಷ್ಟು ಆಳದವರೆಗೆ ಎಂಬುದನ್ನು ಮಾತ್ರ ಯಾರೂ ಅಳೆದಿರಲಿಲ್ಲ. ಬೇಸಗೆಯಲ್ಲಿ ಇಡೀ ಸರೋವರದ ನೀರು ದಡ ಹಿಡಿದು ನಲವತ್ತು ದಿನಕ್ಕೊಮ್ಮೆ ಅಪ್ರದಕ್ಷಿಣವಾಗಿ ಸುತ್ತು ಬರುತ್ತದೆಂದೂ, ಗಾಳಿ ನಿಂತ ಮೇಲೆ ನಡುನೀರು ತನ್ನಷ್ಟಕ್ಕೆ ಹದಿನೇಳು ಗಂಟೆಗೊಂದು ಸಣ್ಣ ವೃತ್ತವನ್ನು ಪ್ರದಕ್ಷಿಣವಾಗಿ ಬರೆಯುತ್ತದೆಂದೂ ಮೇಡಂ ಮೊದಲ ಒಂಬತ್ತು ವರ್ಷಗಳಲ್ಲಿ ತೋರಿಸಿಕೊಟ್ಟರು. ಬಲೆಗೆ ಸಿಕ್ಕಿದ ಡಬ್ಬಿಗಳನ್ನು ಮೀನುಗಾರರು ತಂದುಕೊಡುತ್ತಿದ್ದರು. “ತಗೊಳಿ ಸುಳಿಯಮ್ಮಾ, ನಿಮ್ಮ ಇಪ್ಪತ್ತೆರಡನೇ ನಂಬರು ದಾರಿ ತಪ್ಪಿ ನಮ್ಮ ಬಲೆಗೆ ಬಿದ್ದಿತ್ತು,” ಎಂದು ಅವರು ನಕ್ಕರೆ, “ದಾರಿ ತಪ್ಪಿಲ್ಲ ಕಣ್ರಪ್ಪ, ದಾರಿ ಇರೋದೇ ಹಾಗೆ,” ಎಂದು ಇವರೂ ನಗುತ್ತಿದ್ದರು. ನೀರಿನ ಸುಳಿಗಳ ಬೆನ್ನು ಹತ್ತಿದ್ದಕ್ಕೆ ಬಂದ ಸುಳಿಯಮ್ಮ ಎಂಬ ಹೆಸರು ಆಗ ಅಕ್ಕರೆಯದಾಗಿತ್ತು.

ಅವರ ಸೇವೆಯ ಹತ್ತನೆಯ ವರ್ಷದಲ್ಲಿ ನಾನು ಶಿಷ್ಯೆಯಾಗಿ ಸೇರಿದೆ. ನಾನು ಆ ಊರಿನವಳೇ. ನಮ್ಮಪ್ಪ ಮೀನುಗಾರರ ಸಂಘದ ಕಾರ್ಯದರ್ಶಿ. ನೀರಿನ ಮೇಲೇ ಹುಟ್ಟಿ ಬೆಳೆದವಳೆಂಬ ಜಂಬದಿಂದ ಮೊದಲ ದಿನ ದೋಣಿ ಹತ್ತಿ, ಉಷ್ಣಮಾಪಕದ ಸಣ್ಣ ಅಂಕಿಗಳನ್ನೇ ದಿಟ್ಟಿಸಿ ದಿಟ್ಟಿಸಿ, ಹತ್ತನೇ ನಿಮಿಷಕ್ಕೆ ವಾಂತಿ ಮಾಡಿಕೊಂಡೆ. ದೋಣಿಯಣ್ಣ ಬಿದ್ದು ಬಿದ್ದು ನಕ್ಕ. ಮೇಡಂ ನಗಲಿಲ್ಲ. “ದೂರದ ದಡ ನೋಡು. ಅಂಕಿ ನಾನು ಓದ್ತೀನಿ, ನೀನು ಬರ್ಕೋ,” ಎಂದಷ್ಟೇ ಹೇಳಿ ಆ ಇಡೀ ತಿಂಗಳು ತಾವೇ ಬಗ್ಗಿ ಓದಿದರು. ನಮ್ಮ ಮನೆಯಲ್ಲಿ ಸಂಘದ ಗಲಾಟೆಯಿಂದ ಓದಲು ಆಗುತ್ತಿಲ್ಲವೆಂದು ತಿಳಿದಾಗ, ಏನೂ ಮಾತಾಡದೆ ಉಪಕರಣದ ಕೋಣೆಯ ಇನ್ನೊಂದು ಬೀಗದಕೈ ಮಾಡಿಸಿ ನನ್ನ ಪುಸ್ತಕದ ಮೇಲಿಟ್ಟರು. ನನ್ನ ಟಿಪ್ಪಣಿ ಪುಸ್ತಕಗಳ ಪ್ರತಿ ಪುಟವನ್ನೂ ತಿದ್ದುತ್ತಿದ್ದರು. ವಿಜ್ಞಾನದ ತಪ್ಪಿಗೆ ಒಂದು ಗೆರೆ, ಕಾಗುಣಿತದ ತಪ್ಪಿಗೆ ಎರಡು.

ಹನ್ನೆರಡನೆಯ ವರ್ಷದ ಬೇಸಗೆಯ ಕೊನೆಯಲ್ಲಿ ಮೂರು ದಿನ ಬಿಡದೆ ತೆಂಕಣ ಗಾಳಿ ಬೀಸಿತು. ನಾಲ್ಕನೆಯ ಬೆಳಿಗ್ಗೆ ಪಡುವಣ ದಡದ ಉದ್ದಕ್ಕೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದಡದ ಪಕ್ಕದಲ್ಲಿ ಬಲೆಯ ಗೂಡುಗಳನ್ನು ಕಟ್ಟಿ ಮೀನು ಸಾಕುತ್ತಿದ್ದ ನೂರಾರು ಮನೆಗಳಲ್ಲಿ ಒಂದು ಮನೆಯ ಗೂಡೂ ಉಳಿಯಲಿಲ್ಲ. ಅದೇ ದಡದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದಿತ್ತು. ಅದರ ಕೊಳವೆಯಿಂದ ದಿನಕ್ಕೊಂದು ಬಣ್ಣದ ನೀರು ಸರೋವರಕ್ಕೆ ಬೀಳುತ್ತಿದ್ದುದನ್ನು ಎಲ್ಲರೂ ವರ್ಷಗಟ್ಟಲೆ ನೋಡಿದ್ದರು. ಕಾರ್ಖಾನೆ ಮುಚ್ಚಿಸಲು ನಮ್ಮಪ್ಪ ಸಂಘ ಕಟ್ಟಿ ಹೋರಾಡುತ್ತಿದ್ದರು. ಇನ್ನು ಸಾಕ್ಷಿ ಬೇಕೆ? ವಿಚಾರಣೆಗೆ ಅಧಿಕಾರಿ ಬಂದರು. ಊರಿನ ಸಭಾಭವನ ಕಿಕ್ಕಿರಿಯಿತು. ಸರೋವರವನ್ನು ಬಲ್ಲವರೆಂದು ಮೇಡಂ ಅವರನ್ನು ಕರೆದರು.

ಮೇಡಂ ನಕ್ಷೆ ಹರಡಿ ಸಾವಧಾನವಾಗಿ ವಿವರಿಸಿದರು. ತೆಂಕಣ ಗಾಳಿ ದಡದ ಉದ್ದಕ್ಕೆ ಬೀಸಿದೆ. ಮೇಲಿನ ಬೆಚ್ಚಗಿನ ನೀರು ಗಾಳಿಯ ಬಲಕ್ಕೆ, ಎಂದರೆ ದಡ ಬಿಟ್ಟು ನಡುನೀರಿನತ್ತ ಸರಿದಿದೆ. ಆ ಜಾಗ ತುಂಬಲು ತಳದ ತಣ್ಣನೆಯ ನೀರು ದಡದ ಬಳಿ ಮೇಲೆದ್ದಿದೆ. ಬೇಸಗೆಯೆಲ್ಲ ತಳದಲ್ಲಿ ಮುಚ್ಚಿಟ್ಟಂತಿದ್ದ ಆ ನೀರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಗೂಡಿನೊಳಗಿನ ಮೀನು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

“ಹಾಗಾದ್ರೆ ಕಾರ್ಖಾನೆ ನೀರಿಂದ ಮೀನು ಸತ್ತಿಲ್ಲ ಅಂತೀರಾ?” ಎಂದು ಅಧಿಕಾರಿ ಕೇಳಿದರು.

“ಈ ಮೀನು, ಈ ವಾರ, ಅದರಿಂದ ಸತ್ತಿಲ್ಲ. ಕಾರ್ಖಾನೆ ನೀರು ಕೆಟ್ಟದ್ದೇ. ಅದನ್ನ ನಾನು ಆರು ವರ್ಷದಿಂದ ಅಳೀತಾ ಇದೀನಿ. ಅದು ಬೇರೆ ಕಡತ. ಕೇಳಿದ್ರೆ ಇವತ್ತೇ ಕೊಡ್ತೀನಿ.”

ಅಧಿಕಾರಿ ಕೇಳಲಿಲ್ಲ. ಅವರಿಗೆ ಬೇಕಾದ ವಾಕ್ಯ ಸಿಕ್ಕಿಯಾಗಿತ್ತು. ಹಿಂದಿನ ಸಾಲಿನಿಂದ ಯಾರೋ, “ಇವತ್ತು ಗಾಳಿ ಕೊಂದಿತು, ನಾಳೆ ಚಂದ್ರ ಬಂದು ಕೊಂದ ಅಂತಾಳೆ ಬಿಡ್ರಪ್ಪಾ!” ಎಂದು ಕೂಗಿದಾಗ ಭವನವೆಲ್ಲ ನಕ್ಕಿತು, ಆ ನಗುವಿನಲ್ಲಿ ನಗುವಿರಲಿಲ್ಲ. ಮಾರನೆಯ ದಿನ ಪತ್ರಿಕೆಗಳಲ್ಲಿ ಅವರ ಮಾತಿನ ಮೊದಲ ವಾಕ್ಯವಷ್ಟೇ ದಪ್ಪ ಅಕ್ಷರಗಳಲ್ಲಿ ಬಂತು. ಕಾರ್ಖಾನೆ ಮೇಡಂ ಅವರನ್ನು ಕೊಂಡುಕೊಂಡಿದೆ ಎಂದು ಸಂಜೆಯೊಳಗೆ ಊರು ತೀರ್ಮಾನಿಸಿತು. “ಆಯಮ್ಮನ ಸುಳಿನೇ ಸರಿಯಿಲ್ಲ, ಬಂದ ಗಳಿಗೆಯಿಂದ ಕೆರೆ ಕೆಟ್ಟಿತು,” ಎಂದರು ಹೆಂಗಸರು. ಹೆಸರು ಅದೇ, ಅರ್ಥ ಬೇರೆ.

ಇನ್ನು ನನ್ನ ಋಣದ ಮಾತು. ಮೇಡಂ ಅವರನ್ನು ಇಲ್ಲಿಂದ ಎತ್ತಂಗಡಿ ಮಾಡಬೇಕೆಂದು ಸಂಘ ಮೇಲಿನವರಿಗೆ ಅರ್ಜಿ ಕೊಟ್ಟಿತು. ಅದನ್ನು ಬರೆದವಳು ನಾನು. ಅಪ್ಪ ಹೇಳುತ್ತ ಹೋದರು, ನಾನು ನನ್ನ ದುಂಡನೆಯ ಕೈಬರಹದಲ್ಲಿ ಬರೆಯುತ್ತ ಹೋದೆ. ‘ಹಣದ ಆಸೆಗೆ ಬಲಿಯಾಗಿ’ ಎಂಬಲ್ಲಿ ಪೆನ್ನು ನಿಂತಿತು. “ಯಾಕೆ ನಿಂತೆ? ನಿನ್ನ ಗೂಡಿನ ಮೀನಲ್ವಾ ಸತ್ತದ್ದು?” ಎಂದರು ಅಪ್ಪ. ಮೀನು ತೇಲಿದ ದಿನ ಕೇಂದ್ರದ ದೋಣಿಯಲ್ಲಿ ಮೇಡಂ ಜೊತೆ ತಳದ ನೀರನ್ನು ಅಳೆದವಳು ನಾನೇ. ಅವರು ಹೇಳಿದ ಒಂದೊಂದು ಅಂಕಿಯೂ ನಿಜವೆಂದು ಊರಿನಲ್ಲಿ ಇನ್ನೊಬ್ಬರಿಗೆ ಗೊತ್ತಿದ್ದರೆ ಅದು ನನಗೆ. ಆದರೂ ಬರೆದೆ, ಮೊದಲ ಸಹಿಯನ್ನೂ ಹಾಕಿದೆ. ಆ ವಾರದಿಂದ ಕೇಂದ್ರಕ್ಕೆ ಹೋಗಲಿಲ್ಲ.

ಹತ್ತು ದಿನಗಳ ಮೇಲೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ದೂರದ ವಿಶ್ವವಿದ್ಯಾಲಯವೊಂದಕ್ಕೆ ನಾನು ಹಾಕಿದ್ದ ಅರ್ಜಿಗೆ ಮೇಡಂ ಬರೆದ ಶಿಫಾರಸು ಪತ್ರದ ಪ್ರತಿ ಅದರಲ್ಲಿತ್ತು. ‘ಈಕೆಯ ದಾಖಲೆಗಳನ್ನು ಕಣ್ಣುಮುಚ್ಚಿ ನಂಬಬಹುದು’ ಎಂಬ ವಾಕ್ಯ ಆ ಪತ್ರದ್ದು. ಎತ್ತಂಗಡಿಯ ಅರ್ಜಿಯನ್ನು ಮೇಲಿನವರು ವಿವರಣೆ ಕೇಳಿ ಮೇಡಂ ಅವರಿಗೇ ಕಳಿಸಿದ್ದರೆಂದೂ, ಅವರು ಇದನ್ನು ಬರೆದದ್ದು ಅದನ್ನು ಓದಿದ ನಂತರವೆಂದೂ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ನಾನು ಹೇಳದೆ ಕೇಳದೆ ರೈಲು ಹತ್ತಿದೆ.

ಮುಂದಿನ ವರ್ಷಗಳ ಬಗ್ಗೆ ನಾನು ಬರೆಯುವುದು ದಾಖಲೆ ಪುಸ್ತಕಗಳನ್ನು ಓದಿ, ಕೆಲವರನ್ನು ಕೇಳಿ. ಮೇಲಿನವರು ಅವರನ್ನು ವರ್ಗ ಮಾಡಲಿಲ್ಲ. ಆ ಕೇಂದ್ರಕ್ಕೆ ಬರಲು ಬೇರೆ ಯಾರೂ ಒಪ್ಪಲಿಲ್ಲವೆಂಬುದೇ ಕಾರಣ. ಒಂದು ಬೆಳಿಗ್ಗೆ ದೋಣಿಯಣ್ಣ ಬಂದು ಮೋಟಾರಿನ ಕೀಲಿಯನ್ನು ಮೇಜಿನ ಮೇಲಿಟ್ಟು, “ನನ್ನ ಹೆಂಡ್ತಿ ಅಣ್ಣತಮ್ಮಂದಿರು ಮನೆಗೆ ಸೇರಿಸಲ್ಲ ಅಂತಿದಾರೆ ಮೇಡಂ. ನಾನೇನು ಮಾಡ್ಲಿ?” ಎಂದ. “ಮೋಟಾರು ಹೊಡೆಯೋದು ಹೇಗೆ ಅಂತ ತೋರಿಸಿ ಹೋಗಪ್ಪಾ,” ಎಂದರು ಇವರು. ಅಂದಿನಿಂದ ಇಬ್ಬರು ಹಿಡಿಯಬೇಕಾದ ಅಳತೆಯ ಹಗ್ಗದ ಒಂದು ತುದಿಯನ್ನು ದೋಣಿಯ ಗೂಟಕ್ಕೆ ಬಿಗಿದು, ಇನ್ನೊಂದನ್ನು ತಾವು ಹಿಡಿದು, ಒಬ್ಬರೇ ಅಳೆದರು. ಕಿತ್ತಳೆ ಡಬ್ಬಿಗಳು ಮರಳಿ ಬರುವುದು ನಿಂತಿತು. ಕೆಲವು ಜಜ್ಜಿಹೋಗಿ ಕಟ್ಟೆಯ ಮೇಲೆ ಬಿದ್ದಿರುತ್ತಿದ್ದವು. ಅವನ್ನೂ ಅವರು ದಾಖಲಿಸಿದ್ದಾರೆ: ‘ನಂಬರು ೧೭. ದೊರೆತ ಸ್ಥಳ: ನಮ್ಮ ಬಾಗಿಲು. ದಿಕ್ಕು ತಿಳಿಯದು.’ ಅಂಗಡಿಯವನು ಬ್ರೆಡ್ಡನ್ನು ಕೈಗೆ ಕೊಡದೆ ಗಾಜಿನ ಪೆಟ್ಟಿಗೆಯ ಮೇಲೆ ಇಡುತ್ತಿದ್ದನಂತೆ. ಅಕ್ಕ ದೂರವಾಣಿಯಲ್ಲಿ, “ಸುಮ್ನೆ ಇರಬಾರದಿತ್ತೇನೇ ನೀನು? ನಮ್ಮಪ್ಪನೂ ಹೀಗೇ, ಕೆಟ್ಟ ಗಡಿಯಾರ ಕಂಡ್ರೆ ಕೇಳದಿದ್ರೂ ಹೇಳೋರು,” ಎಂದು ಬೈದರಂತೆ. ಬೈಯುವುದಕ್ಕಾದರೂ ಒಬ್ಬರಿದ್ದರು. ಐದನೆಯ ವರ್ಷ ಆ ಅಕ್ಕನೂ ತೀರಿಕೊಂಡರು. ಊರು ಅವರನ್ನು ದೂರವಿಟ್ಟ ಹನ್ನೊಂದು ವರ್ಷಗಳ ದಾಖಲೆ ಪುಸ್ತಕಗಳಲ್ಲಿ ಮೂರೇ ಮೂರು ದಿನ ಖಾಲಿ ಇವೆ. ನಾಲ್ಕನೆಯ ದಿನದ ಅಂಕಿಗಳು ಎಂದಿನ ಕೈಬರಹದಲ್ಲೇ ಇವೆ. ಅಂದು ಮಾತ್ರ ಒಂದೇ ಆಳವನ್ನು ಎರಡು ಬಾರಿ ಬರೆದಿದ್ದಾರೆ.

ನಾನು ಊರು ಬಿಟ್ಟು ಒಂಬತ್ತು ವರ್ಷ ಕಳೆದು, ಅಪ್ಪ ತೀರಿಕೊಂಡು, ಅಮ್ಮ ಒಬ್ಬಳೇ ಗೂಡುಗಳನ್ನು ನೋಡಿಕೊಳ್ಳುವ ಹೊತ್ತಿಗೆ, ಈ ಕೇಂದ್ರದಲ್ಲಿ ಸಹಾಯಕ ಸಂಶೋಧಕರ ಹುದ್ದೆ ತೆರೆಯಿತು. ನಾನು ಅರ್ಜಿ ಹಾಕಿದೆ, ಆಯ್ಕೆಯಾದೆ. ಕ್ಷಮೆಯ ಮಾತುಗಳನ್ನು ರೈಲಿನುದ್ದಕ್ಕೂ ಕೂಡಿಸಿಕೊಂಡು ಬಾಗಿಲಲ್ಲಿ ನಿಂತಾಗ ಅವರ ಕೂದಲೆಲ್ಲ ಬೆಳ್ಳಗಾಗಿತ್ತು. “ಬಂದ್ಯಾ? ಚೀಲ ಒಳಗಿಡು. ಆರನೇ ಉಷ್ಣಮಾಪಕ ಅರ್ಧ ಡಿಗ್ರಿ ಜಾಸ್ತಿ ತೋರಿಸ್ತಿದೆ, ನೋಡು,” ಎಂದರು. ನಾನು ನೋಡಿದೆ. ಕೂಡಿಸಿಕೊಂಡ ಮಾತುಗಳು ಹಾಗೇ ಉಳಿದವು. ಇಡೀ ದಿನ ಒಂದೇ ಕೋಣೆಯಲ್ಲಿ ಕುಳಿತರೂ ನಾವು ಅಂಕಿಗಳನ್ನಷ್ಟೇ ಮಾತಾಡುತ್ತಿದ್ದೆವು. ಯಾರೊಡನೆಯೂ ಮಾತಾಡಿ ಅಭ್ಯಾಸ ತಪ್ಪಿದವರೊಡನೆ, ಮಾತಾಡುವ ಹಕ್ಕು ಕಳೆದುಕೊಂಡವಳು ಕುಳಿತರೆ ಇನ್ನೇನಾಗುತ್ತದೆ?

ಎರಡು ವರ್ಷಗಳ ಮೇಲೆ, ಮತ್ತೆ ಬೇಸಗೆಯ ಕೊನೆ. ತಳದ ನೀರಿನಲ್ಲಿ ಆಮ್ಲಜನಕ ಅಂದಿನಷ್ಟೇ ಇಳಿದಿತ್ತು. ಮೂರು ನಾಲ್ಕು ದಿನ ಬಲವಾದ ತೆಂಕಣ ಗಾಳಿಯೆಂದು ಹವಾಮಾನ ಕಚೇರಿ ಹೇಳಿತು. ಮೇಡಂ ಒಂದು ಸೂಚನೆ ಬರೆದರು: ಗೂಡುಗಳನ್ನು ದಡದಿಂದ ಆರು ಕಿಲೋಮೀಟರು ಒಳಗಿರುವ ಕಲ್ಲಿನ ನಡುಗಡ್ಡೆಯ ಮರೆಗೆ ಎಳೆದು ಕಟ್ಟಿ. ದಡದ ಬಳಿ ಬಿಟ್ಟರೆ ಮೀನು ಉಳಿಯುವುದಿಲ್ಲ. ಇಪ್ಪತ್ತು ಪ್ರತಿ ಮಾಡಿ ಇಪ್ಪತ್ತು ಕಟ್ಟೆಗಳಿಗೆ ಅಂಟಿಸಿ ಬಂದೆವು. ಸಂಜೆಯೊಳಗೆ ಅರ್ಧಕ್ಕರ್ಧ ಕಿತ್ತುಹಾಕಿದ್ದರು.

ಮರುದಿನ ಬೆಳಿಗ್ಗೆ ನಮ್ಮಮ್ಮ ಕೇಂದ್ರದ ಕಟ್ಟೆಗೆ ಬಂದಳು. ಹನ್ನೊಂದು ವರ್ಷಗಳಲ್ಲಿ ಅಲ್ಲಿಗೆ ಬಂದ ಮೊದಲ ಮೀನುಗಾರ್ತಿ.

“ಸುಳಿಯಮ್ಮಾ, ಎಷ್ಟು ಹೊತ್ತು ಟೈಮಿದೆ?”

“ಮೂವತ್ತು ಗಂಟೆ. ಜಾಸ್ತಿ ಇದ್ದರೂ ಇರಬಹುದು, ಕಮ್ಮಿ ಇರಲ್ಲ.”

“ನಿಮ್ಮ ಮಾತು ತಪ್ಪಾದ್ರೆ?”

“ನಿಮ್ಮ ಒಂದು ದಿನದ ದುಡಿಮೆ ದಂಡ. ನನ್ನ ಮಾತಿನ ಬೆಲೆನೂ ಹೋಗುತ್ತೆ.”

“ಅದು ಹೋಗಿ ಹನ್ನೊಂದು ವರ್ಷ ಆಯ್ತಲ್ಲ ತಾಯಿ.”

“ಹಾಗಾದ್ರೆ ನಿಮ್ಮ ದುಡಿಮೆ ಒಂದೇ ದಂಡ.”

ಅಮ್ಮ ಒಂದು ಗಳಿಗೆ ಅವರ ಮುಖ ನೋಡಿದಳು. “ಯಜಮಾನ್ರು ಇದ್ದಿದ್ರೆ ಬಿಡ್ತಿರಲಿಲ್ಲ,” ಎಂದು ತನ್ನಷ್ಟಕ್ಕೆ ಅಂದುಕೊಂಡು, ನನ್ನ ಕಡೆ ತಿರುಗಿ, “ಏನೇ ನೋಡ್ತಾ ನಿಂತೆ? ಹಗ್ಗ ತಾ,” ಎಂದಳು.

ನಮ್ಮ ಎಂಟು ಗೂಡುಗಳನ್ನು ಎರಡು ದೋಣಿಗಳಿಗೆ ಕಟ್ಟಿ, ಬಸವನ ಹುಳುವಿನ ನಡಿಗೆಯಲ್ಲಿ, ಬೆಳಗಿನಿಂದ ಸಂಜೆಯವರೆಗೆ ಎಳೆದೆವು. ಒಂದು ದೋಣಿಯನ್ನು ಅಮ್ಮ ನಡೆಸಿದಳು, ಇನ್ನೊಂದನ್ನು ಮೇಡಂ. ದಡದಲ್ಲಿ ನಿಂತವರು ಸಿಳ್ಳೆ ಹೊಡೆದರು. ಮರುದಿನ ಗಾಳಿ ಎದ್ದಿತು, ನಾಲ್ಕು ದಿನ ಬೀಸಿತು. ದಡದ ನೀರಿಗೆ ಕೈಯಿಟ್ಟರೆ ಕೊರೆಯುತ್ತಿತ್ತು. ಗೂಡುಗೂಡಿನಲ್ಲೂ ಮೀನು ಬೆಳ್ಳಗೆ ತೇಲಿದವು. ಗಾಳಿ ಇಳಿದ ಮೇಲೆ ನಡುಗಡ್ಡೆಗೆ ಹೋಗಿ ನೋಡಿದರೆ ನಮ್ಮ ಎಂಟು ಗೂಡುಗಳಲ್ಲೂ ಮೀನು ಬಡಿದಾಡುತ್ತಿದ್ದವು. ಅಮ್ಮ ದೋಣಿಯಲ್ಲೇ ಕುಳಿತು ಅತ್ತಳು. ಮೇಡಂ ಎಲ್ಲಿ ನೋಡಬೇಕೆಂದು ತಿಳಿಯದೆ ಉಷ್ಣಮಾಪಕವನ್ನು ನೀರಿಗಿಳಿಸಿದರು.

ಊರು ಆಗಲೂ ಮೊದಲು ಹೇಳಿದ್ದು, ಶಿಷ್ಯೆಯ ತಾಯಿಗೆ ಮಾತ್ರ ಗುಟ್ಟಾಗಿ ತಿಳಿಸಿದರು ಎಂದೇ. ಅಮ್ಮ ಹರಿಯದೆ ಉಳಿದಿದ್ದ ಒಂದು ಸೂಚನೆಯನ್ನು ಕಂಬದಿಂದ ಬಿಡಿಸಿಕೊಂಡು ನೇರ ಸಂಘದ ಕಚೇರಿಗೆ ನಡೆದು, ಅಪ್ಪ ಕೂರುತ್ತಿದ್ದ ಮೇಜಿನ ಮುಂದೆ ನಿಂತು, ಗಟ್ಟಿಯಾಗಿ ಓದಿದಳು. “ಇದು ನಿಮ್ಮ ಕಟ್ಟೆ ಮೇಲಿರಲಿಲ್ವಾ? ಓದಕ್ಕೆ ಬರಲ್ವಾ, ಓದಕ್ಕೆ ಮನಸ್ಸು ಬರಲಿಲ್ವಾ?” ಎಂದು ಕೇಳಿದಳು.

ಕ್ಷಮೆ ಕೇಳಲು ಯಾರೂ ಬರಲಿಲ್ಲ. ವಾರದ ಮೇಲೆ ಸಂಘದ ಹಿರಿಯರೊಬ್ಬರು ಬಂದು ಬಾಗಿಲಾಚೆಯೇ ನಿಂತು, “ಮುಂದಿನ ಸಲ ಯಾವಾಗ ಅಂತ ಮೊದಲೇ ಹೇಳ್ತೀರಾ?” ಎಂದರು. “ಹೇಳ್ತೀನಿ,” ಎಂದರು ಮೇಡಂ. ಅವರು ಹೋದ ಮೇಲೆ ನನಗೆ ಸಿಟ್ಟು ಬಂತು. “ಇಷ್ಟು ವರ್ಷಕ್ಕೆ ಒಂದು ಮಾತು ಬೇಡವಾ ಮೇಡಂ?” ಎಂದೆ. “ಕೇಳೋಕೆ ಬಂದ್ರಲ್ಲ, ಅದೇ ಮಾತು,” ಎಂದರು. ಇನ್ನೊಂದು ಬೆಳಿಗ್ಗೆ ದೋಣಿಯಣ್ಣ ಏನೂ ಹೇಳದೆ ಬಂದು ಮೋಟಾರು ಬಿಚ್ಚಿ, “ಎಣ್ಣೆ ಯಾರು ಹಾಕಿದ್ದು, ಹೀಗಾ ಹಾಕೋದು?” ಎಂದು ಗೊಣಗುತ್ತ ಕೆಲಸಕ್ಕೆ ಕುಳಿತ. ಆಮೇಲಿನ ಹನ್ನೊಂದು ಬೇಸಗೆಗಳಲ್ಲಿ ನಾಲ್ಕು ಬಾರಿ ಆ ಗಾಳಿ ಬಂದಿದೆ. ನಾಲ್ಕು ಬಾರಿಯೂ ಊರಿಗೆ ಊರೇ ಗೂಡುಗಳನ್ನು ಎಳೆದಿದೆ. ಕಾರ್ಖಾನೆಯ ಕಡತವನ್ನೂ ಕೊನೆಗೊಬ್ಬ ಅಧಿಕಾರಿ ಕೇಳಿ ಪಡೆದರು, ಕೊಳವೆ ಮುಚ್ಚಿತು. ಅಷ್ಟರಲ್ಲಿ ಅದು ಇಪ್ಪತ್ತು ವರ್ಷದ ಕಡತವಾಗಿತ್ತು. ಊರು ಈಗ ಅವರಿಗೆ ನಮಸ್ಕಾರ ಮಾಡುತ್ತದೆ. ಆದರೆ ಬಾಗಿಲಾಚೆ ನಿಂತು ಮಾಡುತ್ತದೆ. ಒಳಗೆ ಬಂದು ಕೂರುವ ರೂಢಿ ಒಮ್ಮೆ ಕಡಿದರೆ ಕೂಡುವುದು ಕಷ್ಟ.

ಈ ಲೇಖನಕ್ಕೆ ಒಪ್ಪಿಕೊಂಡ ದಿನ ನಾನು ಕೊನೆಗೂ ಬಾಯಿಬಿಟ್ಟೆ. “ಮೇಡಂ, ಆ ಅರ್ಜಿ ನಾನೇ ಬರೆದದ್ದು. ಇದರಲ್ಲಿ ಅದನ್ನೂ ಬರೀತೀನಿ.”

“ನಿನ್ನ ಅಕ್ಷರ ನನಗೆ ಗೊತ್ತಿಲ್ವಾ?” ಎಂದರು, ತಲೆಯೆತ್ತದೆ. “ಎರಡು ಕಡೆ ಕಾಗುಣಿತ ತಪ್ಪಿತ್ತು. ಬರಿ. ತಾರೀಖು ಸರಿಯಾಗಿ ಹಾಕು.”

ನನಗೆ ನಗು ಬಂತು, ಅದರ ಹಿಂದೆಯೇ ಅಳು. ಅವರು ಒಂದು ಲೋಟ ನೀರು ತಂದು ಮುಂದಿಟ್ಟು, ನಾನು ಸಮಾಧಾನವಾಗುವವರೆಗೆ ಕಿಟಕಿಯಾಚೆ ನೋಡುತ್ತ ನಿಂತರು. “ಬಿಟ್ಟು ಹೋದದ್ದಕ್ಕೆ ಬೇಜಾರಾಗಿತ್ತು,” ಎಂದರು. “ಬರೆದದ್ದಕ್ಕಲ್ಲ.”

ಮೂಡಣ ದಡವನ್ನು ಇದುವರೆಗೆ ಯಾರೂ ನೆಟ್ಟಗೆ ಅಳೆದಿಲ್ಲವೆಂಬುದು ಅವರ ಹಳೆಯ ಕೊರಗು. ನಿವೃತ್ತಿಯ ನಂತರ ಅಲ್ಲಿರಲು, ಬೇಕರಿಯೊಂದರ ಮಹಡಿಯ ಮೇಲೆ ಸಣ್ಣ ಬಾಡಿಗೆ ಕೋಣೆ ಹಿಡಿದಿದ್ದಾರೆ. ಕಳೆದ ಭಾನುವಾರ ಪುಸ್ತಕದ ಪೆಟ್ಟಿಗೆಗಳನ್ನು ಹೊತ್ತು ನಾನೂ ಹೋಗಿದ್ದೆ. ಮಂಚ, ಮೇಜು, ಸರೋವರದ ಕಡೆಗೊಂದು ಕಿಟಕಿ, ಒಂದು ಕುರ್ಚಿ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾವು ನಿಂತೇ ಚಹಾ ಕುಡಿದರು. ಲೋಟ ತೊಳೆದು ಬೋರಲು ಹಾಕುತ್ತ, “ಒಂದೇ ಕುರ್ಚಿ ತಂದೆ ನೋಡು, ಅಭ್ಯಾಸ ಬಲ,” ಎಂದರು. ಆಮೇಲೆ, “ಇನ್ನೊಂದು ತರಿಸ್ತೀನಿ. ಆಗಾಗ ಬರ್ತೀಯಲ್ಲಾ?” ಎಂದರು. ಇಷ್ಟು ವರ್ಷಗಳಲ್ಲಿ ಅವರು ಯಾರನ್ನಾದರೂ ಬಾ ಎಂದು ಕೇಳಿದ್ದನ್ನು ನಾನು ಕಂಡಿಲ್ಲ.

ಅವರ ಆಯುಸ್ಸು ತುಂಬು ಸರೋವರದಂತಿರಲಿ. ಮೂಡಣ ದಡದ ನೀರು ಅವರಿಗೆ ಕೈತುಂಬ ಕೆಲಸವನ್ನೂ, ಅವರು ಹೇಳುವ ಸತ್ಯಕ್ಕೆ ಅಲ್ಲಿನ ಜನ ಬೇಗನೆ ಕಿವಿಯನ್ನೂ ಕೊಡಲಿ. ಅಂದು ಆ ಪ್ರಶ್ನೆಗೆ ನಾನು ತಲೆಯನ್ನಷ್ಟೇ ಆಡಿಸಿ ಬಂದೆ. ಅಚ್ಚಾಗಿ ಎಲ್ಲರೂ ಓದುವ ಈ ಪುಟದಲ್ಲಿ ಉತ್ತರವನ್ನು ಹೇಳಿಬಿಡುತ್ತೇನೆ. ಬರುತ್ತೇನೆ, ಮೇಡಂ.